ಅಟ್ಟದ ಬಾಯಿ ಮುಚ್ಚಿಸುವವರಾರು?

ನಮ್ಮ ಶಿರಾಳಕೊಪ್ಪದ ಸುತ್ತಮುತ್ತ ಯಾರಾದರೂ ಹೊಸ ಮನೆ ಕಟ್ಟಿದರೆ, ಗೃಹಪ್ರವೇಶದ ದಿನ ಊಟಕ್ಕೆ ಮೊದಲು ಮನೆ ತೋರಿಸುವ ಶಾಸ್ತ್ರ ಒಂದಿರುತ್ತದೆ. ಸತ್ಯನಾರಾಯಣ ಕಥೆಯನ್ನಾದರೂ ಹೇಗೋ ತಪ್ಪಿಸಿಕೊಳ್ಳಬಹುದು, ಇದನ್ನು ಮಾತ್ರ ಆಗದು. "ಬರ್ರಿ ಬರ್ರಿ, ಇದು ಹಾಲು, ಇದು ಮಾಡ್ಯುಲರ್ ಕಿಚನ್ನು. ಆ ಡ್ರಾಯರ್ ಎಳೀರಿ, ಸಪ್ಪಳ ಬರ್ತೈತೇನು? ಬರಂಗಿಲ್ಲ!" ಬಚ್ಚಲಿನ ಟೈಲ್ಸಿನ ದರ, ದೇವರ ಮನೆಯ ಬಾಗಿಲಿಗೆ ಸೊರಬದ ಗುಡಿಗಾರರ ಕೈಯಲ್ಲಿ ಮಾಡಿಸಿದ ಕೆತ್ತನೆ, ಮಂಚದ ಕೆಳಗೆ ಬೀಳುವ ನೀಲಿ ದೀಪ, ಒಂದೂ ಬಿಡುವುದಿಲ್ಲ. ನಾನೋ ಸುಮ್ಮನೆ ಕತ್ತೆತ್ತಿ ಮೇಲೆ ನೋಡುವ ಜಾತಿ. ಮಲಗುವ ಕೋಣೆಯ ಮೂಲೆಯಲ್ಲೋ, ಒಳಗಿನ ಓಣಿಯಲ್ಲೋ, ಸೀಲಿಂಗಿನಲ್ಲಿ ಎರಡಡಿ ಚೌಕದ ಕಪ್ಪು ಬಾಯೊಂದು ಆ ಎಂದು ತೆರೆದುಕೊಂಡೇ ಇರುತ್ತದೆ.

"ಅದೇನ್ರೀ ಅದು?"

ಯಜಮಾನರ ದನಿ ತಗ್ಗುತ್ತದೆ. "ಅದಾ? ಅಟ್ಟ ಹತ್ತಾಕೆ ಬಿಟ್ಟಿದ್ದು. ಕದ ಮಾಡಿಸ್ಬೇಕು."

ಮಾಡಿಸಬೇಕು! ಆ ಮನೆಯಲ್ಲಿ ಹುಟ್ಟಿದ ಮಗು ಶಾಲೆಗೆ ಹೋಗಿ, ಶಿಕಾರಿಪುರದಲ್ಲಿ ಕಾಲೇಜು ಮುಗಿಸಿ, ಬೆಂಗಳೂರಿನ ಬಸ್ಸು ಹತ್ತಿದರೂ ಕದ ಇನ್ನೂ 'ಮಾಡಿಸ್ಬೇಕು' ಎಂಬಲ್ಲಿಯೇ ಇರುತ್ತದೆ. ಅಲ್ಲಿಯ ತನಕ ತಾತ್ಕಾಲಿಕ ಏರ್ಪಾಟು. ಒಂದು ಪ್ಲೈವುಡ್ ಚೂರು, ಇಲ್ಲವೇ ಅಮ್ಮನ ಹಳೆ ಸೀರೆ, ಇಲ್ಲವೇ ಚುನಾವಣೆ ಮುಗಿದ ಮೇಲೆ ಕಂಬದಿಂದ ಇಳಿಸಿ ತಂದ ಫ್ಲೆಕ್ಸು. ಯಡಿಯೂರಪ್ಪನವರ ಶಿಕಾರಿಪುರ ಈ ಕಡೆ, ಬಂಗಾರಪ್ಪನವರ ಸೊರಬ ಆ ಕಡೆ. ಎರಡು ತಾಲ್ಲೂಕು ಸೇರಿ ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನೇ ಕೊಟ್ಟಿರುವಾಗ ನಮ್ಮಲ್ಲಿ ಫ್ಲೆಕ್ಸಿಗೇನು ಬರ? ಅದನ್ನು ಬಡಿಯುವಾಗ ಮುಖ ಕೆಳಗೆ ಬಂತೋ, ಮುಗಿಯಿತು. ರಾತ್ರಿ ಕಣ್ಣು ಬಿಟ್ಟಾಗಲೆಲ್ಲ ಯಾರೋ ಒಬ್ಬರು ತಲೆಯ ಮೇಲೆ ನಿಂತು ಕೈಮುಗಿದು ಮತ ಕೇಳುತ್ತಿರುತ್ತಾರೆ.

ನಮ್ಮ ಹಿರಿಯರು ಮಾತ್ರ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಹಳೆಯ ಮನೆಗಳ ಅಟ್ಟ ಹತ್ತಿದವರಿಗೆ ಗೊತ್ತು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಅಡಿಕೆ ದಬ್ಬೆಯೋ, ಅದರ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಕಲಸಿ ಹಾಕಿದ ಮಣ್ಣು, ಮಣ್ಣಿನ ಮೇಲೆ ಸಗಣಿಯ ಸಾರಣೆ. ಆಮೇಲೆ ಬಗ್ಗಿಕೊಂಡು ಓಡಾಡುವಷ್ಟು ಖಾಲಿ ಜಾಗ. ಅದಕ್ಕೂ ಮೇಲೆ ಪಕಾಸಿ, ರೀಪು, ಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಕಾರ್ಖಾನೆ ಹಾಕಿದ ಮೇಲೆ ಈ ಚಪ್ಪಟೆ ಹೆಂಚು ಘಟ್ಟ ಹತ್ತಿ ಬಂತು; ಅದಕ್ಕೂ ಮುಂಚೆ ಹುಲ್ಲು, ಸೋಗೆ, ಉಳ್ಳವರಿಗೆ ನಾಡಹೆಂಚು. ಹುಲ್ಲಿನ ಮಾಡಿಗೆ ಬೆಂಕಿ ಬಿದ್ದರೆ ಮಾಡು ಹೋಗುತ್ತಿತ್ತು, ಅಟ್ಟದ ಮಣ್ಣು ಕೆಂಡವನ್ನು ಕೆಳಕ್ಕೆ ಬಿಡುತ್ತಿರಲಿಲ್ಲ. ಕೆಳಗಿದ್ದವರು ತೊಟ್ಟಿಲು, ಟ್ರಂಕು, ದನಕರು ಎಲ್ಲ ಹೊರಗೆ ಹಾಕಿಕೊಳ್ಳುವಷ್ಟು ಹೊತ್ತು ಸಿಗುತ್ತಿತ್ತು.

ಬೇಸಿಗೆಯಲ್ಲಿ ಅದೇ ಮಣ್ಣಿಗೆ ಇನ್ನೊಂದು ಕೆಲಸ. ಶಾಖವನ್ನು ಅಡ್ಡಗಟ್ಟಿ ನಿಲ್ಲಿಸುವ ತಾಕತ್ತು ಮಣ್ಣಿಗೆ ನಾವಂದುಕೊಂಡಷ್ಟೇನೂ ಇಲ್ಲ. ಅದರ ಶಕ್ತಿಯೆಲ್ಲ ತಡ ಮಾಡುವುದರಲ್ಲಿ. ಥೇಟ್ ನಮ್ಮ ಸರ್ಕಾರಿ ಕಚೇರಿಯ ಹಾಗೆ, ಶಾಖದ ಅರ್ಜಿಯನ್ನು ತಿರಸ್ಕರಿಸುವುದಿಲ್ಲ, ಈಸಿಕೊಂಡು ಇಟ್ಟುಕೊಂಡು 'ಸಂಜೆ ಮೇಲೆ ಬಾ' ಅನ್ನುತ್ತದೆ. ಸಂಜೆ ಆಗುವಷ್ಟರಲ್ಲಿ ಹೊರಗೆ ತಂಗಾಳಿ ಬೀಸಿ ಅರ್ಜಿದಾರನಿಗೇ ಆಸಕ್ತಿ ಹೋಗಿರುತ್ತದೆ. ಅನುಮಾನವಿದ್ದರೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬಳ್ಳಿಗಾವಿಯ ಕೇದಾರೇಶ್ವರ ಗುಡಿಯೊಳಗೆ ಹೋಗಿ ನಿಲ್ಲಿ. ಅಲ್ಲಿ ಮಣ್ಣಿನ ಬದಲು ಕಲ್ಲು, ಅಷ್ಟೇ.

ಇನ್ನು ಅಟ್ಟದ ಬಾಯಿ. ಅದಕ್ಕೆ ಹಲಸಿನ ಹಲಗೆಯ ಕದ, ಒಬ್ಬರ ಕೈಯಲ್ಲಿ ಎತ್ತಲಾಗದಷ್ಟು ಭಾರ. ಆ ಭಾರವೇ ಅದಕ್ಕೆ ಬಿಗಿ; ಚೌಕಟ್ಟಿನ ಮೇಲೆ ಕೂತರೆ ಕೂದಲೆಳೆ ಸಂದಿಲ್ಲ. ಅಜ್ಜಿಯಂದಿರಿಗೆ ಶಾಖಶಾಸ್ತ್ರ ಗೊತ್ತಿತ್ತು ಎಂದು ನಾನು ಹೊಗಳಿ ಅವರನ್ನು ಮತ್ತೆ ಅಟ್ಟಕ್ಕೇರಿಸುವುದಿಲ್ಲ. ಅವರ ಚಿಂತೆ ಇಲಿಯದು, ಕಬ್ಬೆಕ್ಕಿನದು, ಎಲ್ಲಕ್ಕಿಂತ ಹೆಚ್ಚಾಗಿ ಮೊಮ್ಮಕ್ಕಳದು. ಮೇಲೆ ಜೋನಿಬೆಲ್ಲದ ಡಬ್ಬ, ಮಿಡಿಮಾವಿನ ಭರಣಿ, ಹಣ್ಣಾಗಲು ಇಟ್ಟ ಬಾಳೆಗೊನೆ ಇರುವಾಗ ಕದ ಸಡಿಲ ಬಿಡುವುದುಂಟೆ? ನಾವು ಕದಿಯುತ್ತೇವೆ ಎಂಬ ಭಯಕ್ಕೆ ಮಾಡಿಸಿದ ಕದ ನಮ್ಮ ನಡುಮನೆಯನ್ನು ತಂಪಾಗಿಟ್ಟಿತ್ತು. ಕಳ್ಳರಿಂದ ಇಷ್ಟು ದೊಡ್ಡ ಉಪಕಾರ ಇನ್ನೆಲ್ಲಾದರೂ ಆಗಿದೆಯೇ?

ಅಡುಗೆಮನೆಯ ಅಟ್ಟಕ್ಕೆ ಮಾತ್ರ ಈ ಬಿಗಿ ಇರಲಿಲ್ಲ. ಅಲ್ಲಿ ಒಲೆಯ ಹೊಗೆ ಮೇಲೆ ಹೋಗಬೇಕು, ಹೋಗುತ್ತ ಬಿತ್ತನೆ ಬೀಜ ಕಾಯಬೇಕು, ಪಕಾಸಿಗೆ ಮಸಿ ಹಿಡಿಸಿ ಹುಳ ಓಡಿಸಬೇಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಒಂದೇ ಸೂರಿನ ಕೆಳಗೆ ಲೆಕ್ಕ ಇತ್ತು. ಗ್ಯಾಸು ಬಂತು, 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲಂತೂ ಹಳ್ಳಿ ಹಳ್ಳಿಗೂ ಬಂತು. ಹೆಂಗಸರ ಕಣ್ಣುರಿ ಹೋಯಿತು, ಒಳ್ಳೆಯದೇ ಆಯಿತು. ಹೊಗೆ ನಿಂತ ಸುದ್ದಿ ಕುಟ್ಟೆ ಹುಳಕ್ಕೆ ಯಾರು ಮುಟ್ಟಿಸಿದರೋ, ಅದು ಮಾತ್ರ ಬಂಧುಬಳಗ ಸಮೇತ ಬಂದು ತೊಲೆಯಲ್ಲಿ ಬಿಡಾರ ಹೂಡಿತು.

ಕುಟ್ಟೆಯ ಮೇಲೆ ಮಂಗ. ಮಂಗಗಳ ಬಗ್ಗೆ ನಮ್ಮ ಕಡೆಯವರ ಹತ್ತಿರ ಮಾತು ತೆಗೆಯಬೇಡಿ, ಬಸ್ಸು ತಪ್ಪುತ್ತದೆ. ಹೆಂಚಿನ ಮೇಲೆ ಕುಣಿದು, ಒಂದೊಂದೇ ಎತ್ತಿ ಒಳಗೆ ಹಣಕಿ, ಆಧಾರ್ ಕಾರ್ಡು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಪರಿಶೀಲಿಸಿ ಹೋಗುತ್ತವೆ. ಪ್ರತಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲು ಆಳೂ ಸಿಗುವುದಿಲ್ಲ. ಹಾಗಾಗಿ ಹೆಂಚು ಇಳಿಯಿತು, ಬಣ್ಣದ ತಗಡಿನ ಶೀಟು ಏರಿತು. ಕುಟ್ಟೆ ಹಿಡಿದ ತೊಲೆಯ ಜತೆ ಅಟ್ಟದ ಮಣ್ಣೂ ಹಿತ್ತಿಲಿಗೆ ಹೋಗಿ ಬಾಳೆಬುಡಕ್ಕೆ ಬಿತ್ತು. ಅದರ ಜಾಗಕ್ಕೆ ಬಂದದ್ದು ಪಿವಿಸಿ ಸೀಲಿಂಗು. ಅದರ ತುಂಬ ದುಂಡು ದುಂಡು ಲೈಟು. ಒಂದೊಂದು ಲೈಟಿಗೂ ಒಂದೊಂದು ತೂತು. ಮಾರ್ಚ್ ಕಳೆದರೆ ಹೊರಗೆ 36 ಡಿಗ್ರಿ ದಾಟುವ ಊರಿನಲ್ಲಿ ಬಿಸಿಲಿಗೆ ಬಿದ್ದ ತಗಡು 60 ಮುಟ್ಟುವುದು ಏನೂ ಕಷ್ಟವಲ್ಲ. ಆ ತಗಡಿಗೂ ನಮ್ಮ ತಲೆಗೂ ನಡುವೆ ಈಗ ಇರುವುದು ಒಂದು ಪ್ಲಾಸ್ಟಿಕ್ ಹಾಳೆ ಮತ್ತು ಕೈಮುಗಿದ ಆ ನಾಯಕರು.

ಮನೆಯ ಮಾಡು ಎಷ್ಟು ಶಾಖ ಬಿಡಬಹುದು ಎಂಬುದಕ್ಕೆ ಕೇಂದ್ರ ಸರ್ಕಾರದ್ದೊಂದು ಸಂಹಿತೆಯೇ ಇದೆ, 2018ರ ಇಕೋ ನಿವಾಸ ಸಂಹಿತೆ. ಹೊರಗಿನ ಒಳಗಿನ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ 1.2 ವ್ಯಾಟಿಗಿಂತ ಹೆಚ್ಚು ಒಳಗೆ ಬಿಡಕೂಡದು ಎನ್ನುತ್ತದೆ. ಬರೀ ತಗಡು ಬಿಡುವುದು ಅದರ ನಾಲ್ಕೈದು ಪಟ್ಟು. ಗಾಬರಿ ಬೇಡ, ಸಂಹಿತೆ ಇರುವುದು ದೊಡ್ಡ ನಿವೇಶನದವರಿಗೆ. ಮೂವತ್ತು ನಲವತ್ತರ ಸೈಟಿನವರು ನಿಶ್ಚಿಂತೆಯಿಂದ ಬೇಯಬಹುದು.

ಈಗ ನಮ್ಮ ಭಾವನ ವಿಷಯಕ್ಕೆ ಬರೋಣ. ಅಕ್ಕನ ಗಂಡ, ಅಡಿಕೆಗೆ ರೇಟು ಬಂದ ವರ್ಷ ಒಂದೂವರೆ ಟನ್ನಿನ, ಐದು ನಕ್ಷತ್ರದ ಏಸಿ ತಂದರು. ಓಣಿಗೆಲ್ಲ ಕೇಳುವಂತೆ ಗೋಡೆ ಕೊರೆಸಿ ಕೂರಿಸಿದರು. ಹದಿನೆಂಟಕ್ಕಿಟ್ಟು ರಗ್ಗು ಹೊದ್ದು ಮಲಗುವುದು ಅವರ ಪ್ರತಿಷ್ಠೆ. "2020ರಿಂದ ಕಂಪನಿಯವರೇ 24ಕ್ಕೆ ಇಟ್ಟು ಕೊಡ್ಬೇಕು ಅಂತ ನಿಯಮ ಐತಿ ಭಾವ" ಎಂದರೆ, "ಇಡೋದು ಅವರ ಧರ್ಮ, ಇಳ್ಸೋದು ನನ್ನ ಹಕ್ಕು" ಎಂಬ ಉತ್ತರ. ಆದರೆ ಆ ಕೋಣೆಯ ಮಹಿಮೆ ಬೇರೆಯೇ. ಪಾದ ಜುಮುಗುಟ್ಟುತ್ತದೆ, ನೆತ್ತಿ ಬೆವರುತ್ತದೆ. ಏಸಿ ಒಮ್ಮೆಯೂ ಉಸಿರು ತೆಗೆದುಕೊಳ್ಳದೆ ಗೊರಗೊರ ಅನ್ನುತ್ತಲೇ ಇರುತ್ತದೆ. ಕರೆಂಟು ಬಿಲ್ಲು ಬಂದ ದಿನ ಭಾವನ ಮುಖ ನೋಡಬಾರದು. ಅಂಗಡಿಯವನಿಗೆ ಬೈದರು, ವೋಲ್ಟೇಜಿಗೆ ಬೈದರು, ಕೊನೆಗೆ ಅಕ್ಕನಿಗೆ ಬೈದರು, ಬಾಗಿಲು ಹಾಕಲಿಲ್ಲ ಅಂತ. ಮಂಚದ ನೇರಕ್ಕೆ ಮೇಲಿದ್ದ ಎರಡಡಿ ಚೌಕದ ಫ್ಲೆಕ್ಸಿಗೆ ಮಾತ್ರ ಬೈಯಲಿಲ್ಲ. ಅವರ ಪಕ್ಷದವರದೇ ಆಗಿತ್ತು.

ಇಲ್ಲೇ ಪಕ್ಕದ ಉಡುತಡಿಯ ಅಕ್ಕಮಹಾದೇವಿ ಅರಮನೆಯನ್ನೇ ಬಿಟ್ಟು ಶ್ರೀಶೈಲಕ್ಕೆ ನಡೆದಳು. ನಮ್ಮಂಥವರಿಗೆ ಮನೆ ಬಿಡುವ ವೈರಾಗ್ಯವೂ ಇಲ್ಲ, ಮನೆಯ ತೂತು ಮುಚ್ಚುವ ಶ್ರದ್ಧೆಯೂ ಇಲ್ಲ.

ಭಾವನ ಮಗ, ಅಂದರೆ ನನ್ನ ಸೋದರಳಿಯ, ಅಮೆರಿಕದ ಮಿನೆಸೋಟಾದಲ್ಲಿದ್ದಾನೆ. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವ ಜಾಗ. ಅಲ್ಲಿಯ ಮನೆಗಳಿಗೂ ಅಟ್ಟ ಉಂಟು, ಅಟ್ಟಕ್ಕೆ ಮಡಚುವ ಏಣಿ ಉಂಟು, ದಾರ ಎಳೆದರೆ ಏಣಿ ತಾನೇ ಇಳಿದು ಬರುತ್ತದೆ. ವಿಡಿಯೊ ಕಾಲ್‌ನಲ್ಲಿ ಅವನು ಅಪ್ಪನಿಗೆ ತೋರಿಸಿದ ಅದ್ಭುತ ಯಾವುದು ಗೊತ್ತೆ? ನಯಾಗರಾ ಅಲ್ಲ, ತನ್ನ ಮನೆಯ ಅಟ್ಟದ ಬಾಯಿ. ಏಣಿಯ ಮೇಲ್ಗಡೆ ಒಂದು ಪುಟ್ಟ ಡೇರೆ, ಅದಕ್ಕೆ ಜಿಪ್ಪು. ಮೇಲೆ ಹೋಗಬೇಕಾದರೆ ಜಿಪ್ಪು ತೆಗಿ, ಬಂದ ಮೇಲೆ ಹಾಕು.

"ಅಟ್ಟಕ್ಕೂ ಪ್ಯಾಂಟು ತೊಡಿಸ್ಯಾರಲ್ಲೋ!" ಎಂದರು ಭಾವ.

"ನಗಬೇಡಿ ಅಪ್ಪ, ಲೆಕ್ಕ ಕೇಳಿ" ಎಂದ ಅವನು. ಅಲ್ಲಿ ಶಾಖ ತಡೆಯುವ ಶಕ್ತಿಗೆ ಆರ್ ಎಂಬ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ತಡೆ ಹೆಚ್ಚು. ಚಳಿಯ ಸೀಮೆಯಲ್ಲಿ ಅಟ್ಟದ ನೆಲಕ್ಕೆ ಅದು 60ರವರೆಗೂ ಇರಲಿ ಎನ್ನುತ್ತಾರೆ. ಇವನದು ಸ್ವಲ್ಪ ಹಳೆಯ ಮನೆ, ಸಾವಿರ ಚದರಡಿ ಅಟ್ಟ, ಹಾಸಿರುವುದು 38ರಷ್ಟು. ಅದರಲ್ಲಿ ಏಣಿಯ ಬಾಯಿ ಸುಮಾರು ಹತ್ತು ಚದರಡಿ, ಅಲ್ಲಿ ಬರೀ ಪ್ಲೈವುಡ್ಡು, ಅದರ ಅಂಕ 1ರ ಆಸುಪಾಸು. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಇಡೀ ಅಟ್ಟ 28ಕ್ಕೆ ಇಳಿಯುತ್ತದೆ. ನೂರರಲ್ಲಿ ಒಂದು ಪಾಲು ಜಾಗ ಸೇರಿಕೊಂಡು ಕಾಲು ಪಾಲು ಮಾನ ಕಳೆಯಿತು! ಸಂದಿಯಲ್ಲಿ ನುಸುಳುವ ಗಾಳಿಯ ಲೆಕ್ಕ ಇದರಲ್ಲಿ ಸೇರಿಲ್ಲ. ಮನೆಯೊಳಗಿನ ಬಿಸಿಗಾಳಿ ಆ ಸಂದಿಯಲ್ಲಿ ಮೇಲೆ ನುಗ್ಗಿ, ಮಾಡಿನ ಹಿಮ ಕರಗಿ, ಸೂರಂಚಿಗೆ ಬಂದು ಮತ್ತೆ ಗಡ್ಡೆಗಟ್ಟಿ, ಹಿಂದಿನ ನೀರು ಹೋಗಲು ದಾರಿಯಿಲ್ಲದೆ ಮನೆಯೊಳಗೇ ಸೋರುತ್ತದಂತೆ. ನಮಗೆ ಮಳೆಯಿಂದ ಸೋರುವುದು ಗೊತ್ತಿತ್ತು, ಮುಚ್ಚಳವಿಲ್ಲದ್ದಕ್ಕೆ ಸೋರುವುದು ಹೊಸದು.

ಅವನು ಹೇಳಿದ ಇನ್ನೊಂದು ಸಂಗತಿ ಕೇಳಿ ನಾನು ಕುರ್ಚಿಯಲ್ಲಿ ಸರಿದು ಕೂತೆ. ಅಲ್ಲಿಯವರೂ ಮಾಡನ್ನು ಬಿಗಿಯುವುದಿಲ್ಲ. ಮಾಡಿನ ಕೆಳಗೆ ಗಾಳಿ ಆಡಲು ಬಿಟ್ಟು, ಅಟ್ಟದ ನೆಲವನ್ನು ಬಿಗಿಯುತ್ತಾರೆ. ಹೆಂಚಿನ ಸಂದಿಯಲ್ಲಿ ಗಾಳಿ, ಅಟ್ಟದ ನೆಲಕ್ಕೆ ಮಣ್ಣು, ಬಾಯಿಗೆ ಹಲಸಿನ ಕದ. ನಾವು ಬಾಳೆಬುಡಕ್ಕೆ ಸುರಿದ ವಿದ್ಯೆಯನ್ನೇ ಇವನು ಸಾಲ ತೆಗೆದು ಕೊಂಡುಕೊಂಡಿದ್ದಾನೆ.

ಭಾವ ಸುಲಭಕ್ಕೆ ಸೋಲುವವರಲ್ಲ. ಮರುದಿನ ಕಟ್ಟೆಯ ಮೇಲೆ ಕೂತು ವಾದ ಹೂಡಿದರು. "ಅದು ಅಮೆರಿಕದ ಚಳಿ ಮಾತು. ಬಿಸಿಗಾಳಿ ಹಗುರ, ಮೇಲಕ್ಕೆ ಹೋಗತೈತಿ, ಒಪ್ಪಿದೆ. ನಂದು ಏಸಿ ಗಾಳಿ. ತಂಪು, ಭಾರ. ಅದು ನೆಲ ಬಿಟ್ಟು ಏಳಂಗಿಲ್ಲ. ತೂತು ಮ್ಯಾಲೆ ಇದ್ರ ನನಗೇನು?"

ತಕರಾರು ಬಹಳ ಒಳ್ಳೆಯದೇ. ತಂಪು ಗಾಳಿ ಭಾರ, ನಿಜ. ಹಾಗಾಗಿಯೇ ಅದು ಮೇಲೆ ಹಾರದೆ ಬಾಗಿಲ ಕೆಳಗಿನ ಸಂದಿಯಲ್ಲಿ ಹೊರಗೆ ಹರಿದುಹೋಗುತ್ತದೆ. ಹೋದಷ್ಟು ಜಾಗ ತುಂಬಬೇಕಲ್ಲ, ಅದಕ್ಕೆ ಗಾಳಿ ಎಲ್ಲಿಂದ ಬರಬೇಕು? ಮೇಲಿನ ತೂತಿನಿಂದ, ತಗಡಿನ ಕೆಳಗೆ ಮಧ್ಯಾಹ್ನವೆಲ್ಲ ಬೆಂದ ಗಾಳಿ. ನಂಬಿಕೆ ಬಾರದಿದ್ದರೆ ಎಳನೀರು ಕುಡಿಯುವಾಗ ಕೊಳವೆಯ ಮೇಲಿನ ತುದಿಗೆ ಬೆರಳಿಟ್ಟು ಎತ್ತಿ ನೋಡಿ. ಕೆಳಗೆ ತೆರೆದೇ ಇದ್ದರೂ ನೀರು ಬೀಳುವುದಿಲ್ಲ. ಬೆರಳು ತೆಗೆದರೆ ಅಂಗಿ ಒದ್ದೆ. ಅಮೆರಿಕದ ಚಳಿಯಲ್ಲಿ ಅಟ್ಟದ ಬಾಯಿ ಮನೆಯ ಬಿಸಿಯನ್ನು ಕುಡಿಯುತ್ತದೆ, ಶಿರಾಳಕೊಪ್ಪದ ಸೆಕೆಯಲ್ಲಿ ಅದೇ ಬಾಯಿ ಅಟ್ಟದ ಬಿಸಿಯನ್ನು ಉಗುಳುತ್ತದೆ. ಅಂಗಿ ಒದ್ದೆ ಮಾಡಿಕೊಂಡ ಮೇಲೆ ಭಾವ ಸುಮ್ಮನಾದರು.

"ಆತು, ಏನ್ ಹಾಕಿ ಮುಚ್ಚೋಣ? ಅವನ ಡೇರೆ ತರ್ಸಾಕೆ ಡಾಲರ್ ಬೇಕು."

ಡಾಲರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಮೆರಿಕದವರು ಹಿಂದೊಮ್ಮೆ ನಮಗೆ ತಂಪನ್ನೇ ಮಾರಿದ್ದರು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರ ಮೇ ತಿಂಗಳಲ್ಲಿ ಅಲ್ಲಿಯ ಕೆರೆಯ ಮಂಜುಗಡ್ಡೆ 180 ಟನ್ ಹಡಗಿಗೆ ಹೇರಿ ಕಲ್ಕತ್ತಾಕ್ಕೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಎರಡು ಸಲ ಭೂಮಧ್ಯರೇಖೆ ದಾಟಬೇಕು. ಮುಟ್ಟಿದಾಗ ಹೆಚ್ಚುಕಡಿಮೆ 100 ಟನ್ ಇನ್ನೂ ಗಡ್ಡೆಯಾಗಿಯೇ ಇತ್ತು. ಮದರಾಸಿನ ಕಡಲ ದಂಡೆಯ ಐಸ್ ಹೌಸು ಇದೇ ವ್ಯಾಪಾರಕ್ಕಾಗಿ ಕಟ್ಟಿದ್ದು. ಅಷ್ಟು ದಿನ ಮಂಜು ಕರಗದಂತೆ ಕಾದದ್ದು ಯಾವ ಯಂತ್ರವೂ ಅಲ್ಲ, ಮರದ ಹೊಟ್ಟು. ನಮ್ಮ ಸೋಡಾ ಅಂಗಡಿಯವರೂ ಗೋಣಿತಾಟಿನ ಕೆಳಗೆ ಹೊಟ್ಟು ಮುಚ್ಚಿ ಐಸಿಟ್ಟವರೇ. ಹೊಟ್ಟಿನ ನಡುವೆ ಸಿಕ್ಕಿಬಿದ್ದ ಗಾಳಿ ಅಲುಗಾಡುವುದಿಲ್ಲ. ಅಲುಗಾಡದ ಗಾಳಿ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ. ಶಾಖ ತಡೆಯುವ ಸಾಮಾನಿನ ಕಂಪನಿಗಳು ಬಣ್ಣ ಬಣ್ಣದ ಹೆಸರಿಟ್ಟು ಮಾರುವುದು ಹೆಚ್ಚಾಗಿ ಈ ಅಲುಗಾಡದ ಗಾಳಿಯನ್ನೇ.

ನಮ್ಮ ಕಡೆ ರೈಸ್ ಮಿಲ್ಲುಗಳಿರುವಾಗ ಭತ್ತದ ಹೊಟ್ಟಿಗೇನು ಕೊರತೆ ಎಂದು ನನಗೆ ಹುಮ್ಮಸ್ಸು ಬಂತು. ಅಕ್ಕ ತಡೆದಳು. "ಹೊಟ್ಟಿನ ಜತೆ ನಾಲ್ಕು ಕಾಳು ಬಂದ್ರ ಇಲಿಗೆ ಅಲ್ಲೇ ಬಾಣಂತನ ಆಕ್ಕೈತಿ. ಬ್ಯಾಡ."

ಕೊನೆಗೆ ಬಡಗಿ ಬಂದರು. ಇವರಿಗೆ ಆರ್ ಅಂಕವೂ ಬೇಕಿಲ್ಲ, ಮಿನೆಸೋಟಾವೂ ಬೇಕಿಲ್ಲ. ಬಾಯಿಯ ಸುತ್ತ ಒಳಗಡೆ ಒಂದಂಗುಲ ಚಾಚುವಂತೆ ಸಾಗುವಾನಿ ಪಟ್ಟಿ ಹೊಡೆದು ಅಂಚು ಕಟ್ಟಿದರು. ಆ ಅಂಚಿನ ಮೇಲೆ ಕಿಟಕಿಗೆ ಅಂಟಿಸುವ ಮೆತ್ತನೆಯ ಫೋಮ್ ಟೇಪು. ಅದರ ಮೇಲೆ ಕೂರುವ ಪ್ಲೈವುಡ್ಡಿನ ಕದ. ಕದದ ಬೆನ್ನಿಗೆ, ಅಂದರೆ ತಗಡಿನ ಕಡೆಗೆ, ಎರಡಂಗುಲ ಥರ್ಮಾಕೋಲು, ಅದಕ್ಕೂ ಮೇಲೆ ಹೊಳೆಯುವ ಫಾಯಿಲು. ಧೂಳು ಕೂತರೆ ಫಾಯಿಲಿನ ಆಟ ಮುಗಿಯಿತು, ದೀಪಾವಳಿಗೊಮ್ಮೆ ಒರೆಸಿ ಅಂದರು. ಮುಖ್ಯವಾದದ್ದು ಚಿಲಕ. ಹಲಸಿನ ಕದಕ್ಕಿದ್ದ ತೂಕ ಪ್ಲೈವುಡ್ಡಿಗಿಲ್ಲ, ಸುಮ್ಮನೆ ಇಟ್ಟರೆ ಟೇಪಿನ ಮೇಲೆ ಅದು ಅತಿಥಿಯಂತೆ ಅಂಚಿಗೇ ಕೂರುತ್ತದೆ. ಎರಡು ಕಡೆ ಚಿಲಕ ಎಳೆದು ಬಿಗಿದರೆ ಮಾತ್ರ ಟೇಪು ಒತ್ತಿಕೊಂಡು ಗಾಳಿ ನಿಲ್ಲುತ್ತದೆ. ಸೀಲಿಂಗಿನ ಪೈಪು, ವೈರು ಹೋದ ಸಂದಿಗಳಿಗೆ ಸಿಲಿಕಾನು. ಲೈಟುಗಳ ಬೆನ್ನಿಗೆ ಮಾತ್ರ ಥರ್ಮಾಕೋಲು ತಾಗಿಸಲಿಲ್ಲ. "ಅದು ಬೆಂಕಿಗೆ ಹಂಗೇ ಸೋಲೋ ಮಾಲು, ಬಿಸಿ ಲೈಟಿನ ಹತ್ರ ಬ್ಯಾಡ" ಎಂದರು. ಹುರುಪಿನಲ್ಲಿ ಭಾವ ಬಚ್ಚಲಿನ ಗವಾಕ್ಷಿಗೂ ಟೇಪು ಹಿಡಿದು ಹೊರಟಾಗ ಗದರಿಸಿ ಕೂರಿಸಿದವರೂ ಅವರೇ. ಗ್ಯಾಸ್ ಗೀಸರ್ ಉರಿಯುವ ಬಚ್ಚಲಿಗೆ ಗಾಳಿ ಇಲ್ಲದಿದ್ದರೆ ಸ್ನಾನಕ್ಕೆ ಹೋದವರು ಎದ್ದು ಬರುವುದಿಲ್ಲ.

ಆ ರಾತ್ರಿಯಿಂದ ಏಸಿ ನಡುನಡುವೆ ಸುಮ್ಮನಾಗತೊಡಗಿತು. ಭಾವನಿಗೆ ಮೊದಲು ಗಾಬರಿ, ಕೆಟ್ಟೇ ಹೋಯಿತೆಂದು ಎದ್ದು ಕೂತು ರಿಮೋಟು ಒತ್ತಿದರಂತೆ. ಅದು ಕೆಲಸ ಮುಗಿಸಿ ವಿಶ್ರಾಂತಿ ತೆಗೆದುಕೊಳ್ಳುತ್ತಿದೆ ಎಂದು ತಿಳಿಸಿ ಹೇಳಬೇಕಾಯಿತು. ಹದಿನೆಂಟು ಹೋಗಿ ಇಪ್ಪತ್ತೈದಾಯಿತು, ರಗ್ಗು ಪೆಟ್ಟಿಗೆ ಸೇರಿತು. ಫ್ಲೆಕ್ಸು ಮಾತ್ರ ಎಸೆಯಲು ಮನಸ್ಸಾಗದೆ ಸೌದೆಯ ರಾಶಿಗೆ ಹೊದಿಸಿದ್ದಾರೆ.

ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಮೊನ್ನೆ ಭಾವ ಮನೆಯೆಲ್ಲ ತಡಕಾಡುತ್ತಿದ್ದರು.

"ಏಸಿ ಬಂದ ಡಬ್ಬ ಎಲ್ಲಿ? ಗ್ಯಾರಂಟಿ ಮುಗಿಯೋ ತನಕ ಇಟ್ಕೋಬೇಕು ಅಂದಿದ್ದ ಅಂಗಡಿಯವ."

"ರಟ್ಟು ಅಟ್ಟದ ಮ್ಯಾಲೆ ಐತಿ" ಎಂದಳು ಅಕ್ಕ.

"ಒಳಗಿನ ಥರ್ಮಾಕೋಲು?"

ಅಕ್ಕ ನನ್ನ ಮುಖ ನೋಡಿದಳು, ನಾನು ಸೀಲಿಂಗು ನೋಡಿದೆ. ಬಡಗಿ ಥರ್ಮಾಕೋಲ್ ಕೇಳಿದಾಗ ಪೇಟೆಗೆ ಹೋಗಿ ಬರುವವರು ಯಾರು ಎಂದು ನಾವಿಬ್ಬರೇ ಅದನ್ನು ಕೊಯ್ದು ಜೋಡಿಸಿ ಕೊಟ್ಟಿದ್ದೆವು.

"ನಾಳೆ ಏಸಿ ಕೆಟ್ರೆ ಯಾತರಾಗೆ ಹಾಕಿ ಕಳಸ್ಲಿ?"

"ಅಟ್ಟದ ಕದ ಬಿಚ್ಚಿ ಜೊತೆಗೆ ಕಳಿಸಿ ಭಾವ. ಅರ್ಧ ಕೆಲಸ ಮಾಡ್ತಾ ಇರೋದು ಅದೇ, ಕಂಪನಿಯವರೂ ಒಂದ್ಸಲ ನೋಡ್ಲಿ."